ಒತ್ತು ಶಾವಿಗೆಯ ದೂರದ ನೆಂಟ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಒಳಗೆ. ಆಷಾಢದ ಮಳೆ ಹಿಡಿಯಿತು ಅಂದರೆ ಮೂರ್ನಾಲ್ಕು ದಿನ ಪೇಟೆ ಮುಖ ನೋಡುವ ಹಾಗಿಲ್ಲ. ಅಂಥದೇ ಒಂದು ಸಂಜೆ, ಮಗಳು ಶಿವಮೊಗ್ಗದಿಂದ ತಂದಿಟ್ಟು ಹೋಗಿದ್ದ ಪಾಸ್ತಾ ಪೊಟ್ಟಣ ಬಿಚ್ಚಿದೆ. ಹಿಂದೆ ಬರೆದದ್ದನ್ನು ಓದೋಣ ಅಂದರೆ ಕನ್ನಡಕ ಸಿಗಲಿಲ್ಲ. ಅಕ್ಕಿ ಬೇಯಿಸಿದ ಕೈ ಅಲ್ವಾ, ಕುಕ್ಕರಿಗೆ ಹಾಕಿ ಮೂರು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ಒಳಗೆ ಅಂಟು. ಗೋಡೆಗೆ ಪೋಸ್ಟರ್ ಹಚ್ಚಬಹುದಿತ್ತು, ಅಷ್ಟು ಚೆನ್ನಾಗಿ ಬಂದಿತ್ತು. ನಮ್ಮತ್ತೆ ಒಂದು ತುತ್ತು ಬಾಯಿಗಿಟ್ಟು, "ಇದು ಹೊಟ್ಟೆಗೆ ಹೋದ್ರೆ ಅಲ್ಲೇ ಕಚ್ಚಿಕೊಳ್ಳತ್ತೆ" ಅಂದರು.

ಪಾಸ್ತಾ ಮೈಗೆ ಒಳ್ಳೆಯದಾ, ಕೆಟ್ಟದ್ದಾ ಅಂತ ನನ್ನನ್ನು ಕೇಳುವವರು ಈಗ ಜಾಸ್ತಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಮಸಾಲೆ ಮಂಡಕ್ಕಿಯಷ್ಟೇ ಸುಲಭವಾಗಿ ಪಾಸ್ತಾ ಸಿಗುತ್ತದೆ, ಮಕ್ಕಳು ಕೇಳದೆ ಬಿಡುತ್ತಾರಾ? ನನಗಂತೂ ಆ ಅಂಟು ನೋಡಿದ ಮೇಲೆಯೇ ಇದು ಯಾವುದರಿಂದ ಆಗಿದ್ದು ಅಂತ ತಿಳಿಯುವ ಹುಚ್ಚು ಹಿಡಿದದ್ದು.

ಪಾಸ್ತಾ ಅಂದರೆ ರವೆ ಮತ್ತು ನೀರು, ಅಷ್ಟೇ. ರವೆ ಮಾತ್ರ ಡ್ಯೂರಮ್ ಅನ್ನುವ ಗಟ್ಟಿ ಗೋಧಿಯದ್ದು. ಒಣ ಪಾಸ್ತಾಕ್ಕೆ ಈ ರವೆಯನ್ನೇ ಬಳಸಬೇಕು ಅಂತ ಇಟಲಿಯಲ್ಲಿ 1967ರಲ್ಲಿ ಕಾನೂನೇ ಮಾಡಿದರು. ಹೆಸರು ಕೇಳಿ ಗಾಬರಿ ಬೇಡ. ನಮ್ಮ ಉಪ್ಪಿಟ್ಟಿನ ಬನ್ಸಿ ರವೆ ಇದೆಯಲ್ಲ, ಅದೂ ಇದೇ ಜಾತಿಯ ಗೋಧಿಯದ್ದು. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ತೂತಿನ ಅಚ್ಚಿಗೆ ಹಾಕಿ ಒತ್ತಿ, ಒಣಗಿಸುತ್ತಾರೆ.

ಒತ್ತು ಶಾವಿಗೆಯದ್ದೂ ಇದೇ ಕೆಲಸ ತಾನೇ? ಆದರೆ ನಾವು ಪಡುವ ಪಾಡು ದೊಡ್ಡದು. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಕಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಮತ್ತೆ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ತುಂಬಬೇಕು. ಉಂಡೆ ಕೊಡಲು ಒಬ್ಬರು, ಒತ್ತಲು ಒಬ್ಬರು. ಆರಿತೋ, ಭೀಮ ಬಂದರೂ ಎಳೆ ಇಳಿಯುವುದಿಲ್ಲ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಮೊದಲೇ ಬೇಯಿಸದಿದ್ದರೆ ಎಳೆ ನಿಲ್ಲುವುದಿಲ್ಲ. ಗೋಧಿಗೆ ಆ ಗೋಳಿಲ್ಲ.

ಗ್ಲುಟೆನ್ ಅಂದರೆ ಗೋಧಿಯ ಪ್ರೋಟೀನು. ಪಾಸ್ತಾದ ಒಳಗೆ ಅದು ಬಲೆ ಹೆಣೆದ ಹಾಗೆ ಇರುತ್ತದೆ. ಪಿಷ್ಟದ ಕಣಗಳು ಆ ಬಲೆಯೊಳಗೆ ಸಿಕ್ಕಿಕೊಂಡಿರುತ್ತವೆ. ಹದವಾಗಿ ಬೇಯಿಸಿದರೆ ಬಲೆ ಹರಿಯುವುದಿಲ್ಲ. ಆಗ ಹೊಟ್ಟೆಯಲ್ಲಿ ಪಿಷ್ಟ ನಿಧಾನವಾಗಿ ಕರಗುತ್ತದೆ, ರಕ್ತಕ್ಕೆ ಸಕ್ಕರೆ ನಿಧಾನವಾಗಿ ಸೇರುತ್ತದೆ. ಇದನ್ನು ಅಳೆಯಲು ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದು ಲೆಕ್ಕ ಇದೆ. ಗ್ಲೂಕೋಸಿಗೆ 100 ಅಂತ ಇಟ್ಟುಕೊಂಡರೆ, ಬಿಳಿ ಬ್ರೆಡ್ಡು 70 ದಾಟುತ್ತದೆ. ಬಿಳಿ ಅನ್ನ, ತಳಿ ನೋಡಿ, ಅದರ ಆಚೆ ಈಚೆ. ಡ್ಯೂರಮ್ ಸ್ಪಗೆಟ್ಟಿ 50ರ ಆಸುಪಾಸು. ಬ್ರೆಡ್ಡೂ ಗೋಧಿಯೇ, ಪಾಸ್ತಾವೂ ಗೋಧಿಯೇ, ವ್ಯತ್ಯಾಸ ಇರುವುದು ಆ ಬಲೆಯಲ್ಲಿ. ಮೂರು ಸೀಟಿ ಕೂಗಿಸಿ ನಾನು ಅದನ್ನೇ ಹರಿದು ಹಾಕಿದ್ದೆ.

ಈಗ ಕುಕ್ಕರ್ ಮುಟ್ಟುವುದಿಲ್ಲ. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಕುದಿ ಬಂದ ಮೇಲೆ ಹಾಕುವುದು. ಪೊಟ್ಟಣದಲ್ಲಿ 10 ನಿಮಿಷ ಅಂತ ಇದ್ದರೆ ಎಂಟಕ್ಕೇ ಒಂದು ತುಂಡು ತೆಗೆದು ಕತ್ತರಿಸಿ ನೋಡುತ್ತೇನೆ, ಅನ್ನದ ಅಗುಳು ಹಿಸುಕಿ ನೋಡುವುದಿಲ್ವಾ, ಹಾಗೆ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಬಸಿಯುವ ಹೊತ್ತು. ಇಟಲಿಯವರು ಇದಕ್ಕೆ ‘ಅಲ್ ದೆಂತೆ’ ಅನ್ನುತ್ತಾರೆ, ಹಲ್ಲಿಗೆ ಸಿಗುವಂಥದ್ದು ಅಂತ. ನಮ್ಮತ್ತೆಗೆ ಇರುವುದೇ ನಾಲ್ಕು ಹಲ್ಲು. ಅವರ ಪಾಲನ್ನು ಇನ್ನೂ ಸ್ವಲ್ಪ ಹೊತ್ತು ಬಿಡುತ್ತೇನೆ. ಆ ನೀರಿಗೆ ಅಲ್ಲಿನವರು ಲೀಟರಿಗೆ 10 ಗ್ರಾಂ ಉಪ್ಪು ಹಾಕುತ್ತಾರಂತೆ. ನಾನು ಅದರ ಅರ್ಧವನ್ನೂ ಹಾಕುವುದಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪೆಮಿಡಿ ಜಾಡಿ ಪಕ್ಕದಲ್ಲಿಟ್ಟುಕೊಂಡು ಊಟ ಮಾಡುವವರು ನಾವು.

ಎಷ್ಟು ತಿನ್ನಬೇಕು ಅನ್ನುವುದಕ್ಕೆ ಏಲಕ್ಕಿ ತೂಗುವ ಸಣ್ಣ ತಕ್ಕಡಿ ಕೆಳಗಿಳಿಸಿದೆ. ಇಟಲಿಯಲ್ಲಿ ಒಬ್ಬರ ಪಾಲು ಅಂದರೆ ಒಣಗಿದ್ದು 80 ಗ್ರಾಂ. ತೂಗಿ ಕೈಗೆ ಸುರಿದುಕೊಂಡರೆ ಬೊಗಸೆಯಲ್ಲಿ ಇನ್ನೂ ಜಾಗ ಇತ್ತು! ಬೆಂದ ಮೇಲೆ ತೂಕ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸುಮಾರು 280 ಕ್ಯಾಲೊರಿ, 10 ಗ್ರಾಂ ಪ್ರೋಟೀನು. ಇಷ್ಟರಲ್ಲಿ ಬೈಯುವಂಥದ್ದು ಏನೂ ಇಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ನಮ್ಮ ದಿನ ನೋಡಿ. ಬೆಳಿಗ್ಗೆ ಅಕ್ಕಿರೊಟ್ಟಿ, ಇಲ್ಲ ಕಡುಬು. ಮಧ್ಯಾಹ್ನ ಅನ್ನ. ರಾತ್ರಿ ಅನ್ನ. ಇದರ ನಡುವೆ ಸಂಜೆ ಐದಕ್ಕೆ, ಸ್ಕೂಲಿಂದ ಬಂದ ಮಗುವಿಗೆ ಸುಮ್ನೆ ಬಾಯಾಡಿಸಲು ಅಂತ ಒಂದು ಬಟ್ಟಲು ಪಾಸ್ತಾ. ಎಂಟಕ್ಕೆ ಮತ್ತೆ ಅನ್ನ, ಸಾರು. ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇಕಡಾ 45 ದಾಟಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾವು ಮಧ್ಯಾಹ್ನದ ಊಟಕ್ಕೇ ಆ ಗಡಿಗೆ ಹತ್ತಿರ ಹೋಗಿರುತ್ತೇವೆ. ಪಾಸ್ತಾ ತಿಂದ ದಿನ ಅಷ್ಟು ಅನ್ನ ಕಡಿಮೆ ಆಗಬೇಕು. ಎಲೆಯಲ್ಲಿ ಅದು ಕೂರಬೇಕಾದದ್ದು ಅನ್ನದ ಜಾಗದಲ್ಲಿ.

ಇನ್ನು ವೈಟ್ ಸಾಸ್. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹಾಕಿ ಗಟ್ಟಿ ಮಾಡಿ, ಮೇಲೆ ಚೀಸ್ ತುರಿ. ಗೋಧಿಯ ಮೇಲೆ ಗೋಧಿ. ಒಂದು ದೊಡ್ಡ ಚಮಚ ಬೆಣ್ಣೆಗೇ 100 ಕ್ಯಾಲೊರಿ ಆಯಿತು, ಅದರ ಮೇಲೆ ಚೀಸಿನದು ಬೇರೆ. ಇದೆಲ್ಲ ಸೇರಿ ಮೈ ಬಂದರೆ ಬೈಸಿಕೊಳ್ಳುವುದು ಪಾಸ್ತಾ. ಕೊಳ್ಳುವಾಗ ಪೊಟ್ಟಣದ ಹಿಂಭಾಗವನ್ನೂ ಓದಿ, ನನ್ನ ಹಾಗೆ ಮಾಡಬೇಡಿ. ಯಾವುದು ಹೆಚ್ಚು ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಹೆಸರೇ ಮೈದಾ ಆಗಿದ್ದರೆ ನಾನು ಅಲ್ಲೇ ಇಟ್ಟು ಬರುತ್ತೇನೆ.

ಇಟಲಿಯ ಬಡವರ ಮನೆಯಲ್ಲಿ ಪಾಸ್ತಾ ಕಡಲೆಕಾಳಿನ ಜೊತೆ ಬೇಯುತ್ತಿತ್ತು. ಈಗಲೂ ಮಾಡುತ್ತಾರೆ, ‘ಪಾಸ್ತಾ ಎ ಚೇಚಿ’ ಅಂತ ಹೆಸರು. ಗೋಧಿಯಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಕಾಳಿನಲ್ಲಿ ಜಾಸ್ತಿ. ನಮ್ಮ ಅನ್ನ ಬೇಳೆಯ ಜೋಡಿಯದ್ದೂ ಅದೇ ಗುಟ್ಟು. ನಾನು ರಾತ್ರಿ ನೆನೆಸಿದ ಕಡಲೆಕಾಳು ಬೇಯಿಸಿಕೊಂಡು, ಬೆಳ್ಳುಳ್ಳಿ ಒಗ್ಗರಣೆಗೆ ಟೊಮೆಟೊ ಹಾಕಿ, ಎರಡು ಹಿಡಿ ನುಗ್ಗೆಸೊಪ್ಪು ಬಾಡಿಸಿ, ಕೊನೆಗೆ ಪಾಸ್ತಾ ಸೇರಿಸುತ್ತೇನೆ. ಬಟ್ಟಲಲ್ಲಿ ಸೊಪ್ಪು ಕಾಳು ಮೇಲೆ ಕಾಣಬೇಕು, ಪಾಸ್ತಾ ಹುಡುಕಿದರೆ ಸಿಗಬೇಕು. ಮೇಲೆ ಹಿತ್ತಲ ಮೆಣಸಿನ ಪುಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ಇಂಡೆಕ್ಸ್ 50 ಅಂತ ಎರಡು ತಟ್ಟೆ ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ಸೀಲಿಯಾಕ್ ಅನ್ನುವ ಕಾಯಿಲೆ ಇದ್ದವರಿಗೆ ಗ್ಲುಟೆನ್ ಆಗಿಬರುವುದೇ ಇಲ್ಲ. ಅವರಿಗೆ ನಮ್ಮ ಶಾವಿಗೆ ಒರಳು ಇದೆ, ಕಾಯಿಹಾಲೂ ಇದೆ.

ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಡಿ. ಮಳೆಗಾಲದಲ್ಲಿ ರಾತ್ರಿಯೆಲ್ಲ ಕರೆಂಟ್ ಇಲ್ಲದಿದ್ದರೆ ಮಾತ್ರ ಕೊಟ್ಟಿಗೆಗೆ ಹಾಕಿಬಿಡಿ, ಆಸೆ ಪಡಬೇಡಿ. ತಣ್ಣಗೆ ಉಳಿದಿದ್ದರೆ ಬೆಳಿಗ್ಗೆ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ, ನಿಂಬೆಹುಳಿ. ಮಿಕ್ಕ ಶಾವಿಗೆಗೆ ಮಾಡುವುದೂ ಇದನ್ನೇ ಅಲ್ವಾ? ನಮ್ಮತ್ತೆ ಈಗ ಪಾಸ್ತಾ ತಿನ್ನುವುದು ಹೀಗೆ ಮಾಡಿದರೆ ಮಾತ್ರ. ಹೆಸರು ಕೇಳಿದರೆ "ಗೋಧಿ ಶಾವಿಗೆ" ಅನ್ನುತ್ತಾರೆ.

ನಮಸ್ಕಾರ.