ಅಧ್ಯಕ್ಷರು ನಮ್ಮವರಾದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

1847ರ ಡಿಸೆಂಬರ್ ತಿಂಗಳಲ್ಲಿ, ಇಲಿನಾಯ್ ರಾಜ್ಯದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಹೊಸದಾಗಿ ಆಯ್ಕೆಯಾಗಿ ಬಂದಿದ್ದ ಒಬ್ಬ ವಕೀಲರು, ದೇಶದ ಅಧ್ಯಕ್ಷರಿಗೆ ಎಂಟು ಪ್ರಶ್ನೆಗಳನ್ನು ಹಾಕುವ ಠರಾವೊಂದನ್ನು ಮಂಡಿಸಿದರು. ಅಮೆರಿಕವು ಮೆಕ್ಸಿಕೊದ ಮೇಲೆ ಯುದ್ಧ ಹೂಡಿ ಆಗಲೇ ಒಂದೂವರೆ ವರ್ಷ ದಾಟಿತ್ತು. ಅಮೆರಿಕದ ನೆಲದಲ್ಲಿ ಅಮೆರಿಕನ್ನರ ರಕ್ತ ಹರಿದದ್ದರಿಂದ ಯುದ್ಧ ಅನಿವಾರ್ಯವಾಯಿತು ಎಂಬುದು ಅಧ್ಯಕ್ಷ ಜೇಮ್ಸ್ ಪೋಕ್ ಅವರ ವಾದ. ಹಾಗಿದ್ದರೆ ಆ ರಕ್ತ ಬಿದ್ದ ಜಾಗ ಯಾವುದು, ಅದು ನಿಜಕ್ಕೂ ನಮ್ಮ ನೆಲವೇ, ಅಲ್ಲಿ ಬಾಳುತ್ತಿದ್ದ ಜನ ಎಂದಾದರೂ ನಮ್ಮ ಸರ್ಕಾರಕ್ಕೆ ತೆರಿಗೆ ಕಟ್ಟಿದ್ದುಂಟೇ ಎಂದು ಪಾಟೀಸವಾಲಿನ ಧಾಟಿಯಲ್ಲಿ ಕೇಳುತ್ತ ಹೋದ ಆ ವಕೀಲರ ಹೆಸರು ಅಬ್ರಹಾಂ ಲಿಂಕನ್.

ಲಿಂಕನ್ ಆಗ ವಿಗ್ ಪಕ್ಷದವರು, ಪೋಕ್ ಡೆಮೊಕ್ರಾಟ್. ಮರುತಿಂಗಳೇ, ಅಂದರೆ 1848ರ ಜನವರಿಯಲ್ಲಿ, ಈ ಯುದ್ಧವನ್ನು ಅಧ್ಯಕ್ಷರು ಅನಾವಶ್ಯಕವಾಗಿ ಮತ್ತು ಸಂವಿಧಾನಬಾಹಿರವಾಗಿ ಆರಂಭಿಸಿದ್ದಾರೆ ಎಂಬ ಮಾತನ್ನು ಸಭೆ 85ಕ್ಕೆ 81 ಮತಗಳಿಂದ ಒಪ್ಪಿಕೊಂಡಿತು. ವಿಗ್ ಪಕ್ಷದವರು ಇಷ್ಟಕ್ಕೇ ನಿಂತಿದ್ದರೆ ಅವರ ನೈತಿಕ ಧೈರ್ಯವನ್ನು ನಾವು ಇಂದಿಗೂ ಕೊಂಡಾಡಬಹುದಿತ್ತು. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಅಧ್ಯಕ್ಷಗಿರಿಗೆ ಅಭ್ಯರ್ಥಿಯನ್ನು ಆರಿಸಬೇಕಾಗಿ ಬಂದಾಗ ಅವರು ಯಾರನ್ನು ಹುಡುಕಿ ತಂದರು ಗೊತ್ತೇ? ಪೋಕ್ ಅವರ ಆಜ್ಞೆಯಂತೆ ರಿಯೊ ಗ್ರಾಂಡೆ ನದಿಯ ದಂಡೆಗೆ, ಆ ವಿವಾದದ ನೆಲಕ್ಕೇ, ಸೇನೆಯನ್ನು ನಡೆಸಿಕೊಂಡು ಹೋಗಿದ್ದ ಜನರಲ್ ಜಕಾರಿ ಟೇಲರ್ ಅವರನ್ನು. ಯುದ್ಧ ಪಾಪವಾಗಿತ್ತು, ಯುದ್ಧದಲ್ಲಿ ಬಂದ ಕೀರ್ತಿ ಮಾತ್ರ ಮಡಿಯಾಗಿತ್ತು. ಟೇಲರ್ ಪರವಾಗಿ ಊರೂರು ತಿರುಗಿ ಭಾಷಣ ಮಾಡಿದವರಲ್ಲಿ ಲಿಂಕನ್ ಅವರೂ ಒಬ್ಬರು. ಟೇಲರ್ ಗೆದ್ದರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆ ನಮ್ಮಲ್ಲಿದೆ. ಅಮೆರಿಕದ ರಾಜಕಾರಣದಲ್ಲಿ ಈ ಅತ್ತೆ ಮತ್ತು ಸೊಸೆ ನಾಲ್ಕು ಅಥವಾ ಎಂಟು ವರ್ಷಕ್ಕೊಮ್ಮೆ ಜಾಗ ಬದಲಿಸಿಕೊಳ್ಳುತ್ತಾರೆ, ಮತ್ತು ಜಾಗದ ಜೊತೆಗೇ ಮಾತನ್ನೂ ಬದಲಿಸಿಕೊಳ್ಳುತ್ತಾರೆ. ಅಲ್ಲಿನ ಸಂವಿಧಾನ ಈ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಟ್ಟಿಲ್ಲ. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಅಂದರೆ ಅಲ್ಲಿನ ಸಂಸತ್ತಿನದು; ಸೇನೆಯ ದಂಡನಾಯಕತ್ವ ಅಧ್ಯಕ್ಷರದು. ಆದರೂ ಆ ಕಾಂಗ್ರೆಸ್ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು 1942ರಲ್ಲೇ ಕೊನೆ. ಆಮೇಲೆ ನಡೆದ ಯಾವುದಕ್ಕೂ ಯುದ್ಧವೆಂಬ ನಾಮಕರಣವಾಗಲಿಲ್ಲ. 1950ರಲ್ಲಿ ಹ್ಯಾರಿ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳಿಸಿದಾಗ ಅದನ್ನು ‘ಪೊಲೀಸ್ ಆಕ್ಷನ್’ ಎಂದರು. ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯ ಕೇಳುಗರಿಗೆ ಈ ಪದ ಹೊಸದೇನಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಸಂಸ್ಥಾನಕ್ಕೆ ಭಾರತದ ಸೇನೆ ಟ್ಯಾಂಕುಗಳೊಂದಿಗೆ ನುಗ್ಗಿದ್ದನ್ನೂ ನಾವು ಹಾಗೆಯೇ ಕರೆದೆವು, ಈಗಲೂ ಹಾಗೆಯೇ ಕರೆಯುತ್ತೇವೆ. ಟ್ಯಾಂಕುಗಳಿರುವ ಪೊಲೀಸರು ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ.

ವಿಯೆಟ್ನಾಂ ಯುದ್ಧದ ಕಹಿ ಉಂಡ ಮೇಲೆ, 1973ರಲ್ಲಿ, ರಿಚರ್ಡ್ ನಿಕ್ಸನ್ ಅವರ ವೀಟೊವನ್ನು ಮೀರಿ ಕಾಂಗ್ರೆಸ್ ಒಂದು ಕಾಯಿದೆಯನ್ನು ಮಾಡಿತು. ಅಧ್ಯಕ್ಷರು ಸೇನೆಯನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಗಳೊಳಗೆ ತಿಳಿಸಬೇಕು, ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಇನ್ನು 30 ದಿನಗಳ ಅವಕಾಶ ಉಂಟು ಎಂಬುದು ಅದರ ತಿರುಳು. ಈ ಕಾಯಿದೆಯನ್ನು ಯಾರೂ ಮರೆತಿಲ್ಲ ಎಂಬುದೇ ನಾನು ಇಂದು ಹೇಳಹೊರಟಿರುವ ಸಂಗತಿ. ಅದು ಯಾವಾಗಲೂ ಒಂದು ಪಕ್ಷಕ್ಕೆ ಅಕ್ಷರಶಃ ನೆನಪಿರುತ್ತದೆ: ಶ್ವೇತಭವನದಿಂದ ಹೊರಗಿರುವ ಪಕ್ಷಕ್ಕೆ.

1999ರ ಏಪ್ರಿಲ್ 28ನೆಯ ದಿನವನ್ನು ನೋಡಿ. ಕೊಸೊವೊ ವಿಷಯದಲ್ಲಿ ಯುಗೊಸ್ಲಾವಿಯಾದ ಮೇಲೆ ಬಿಲ್ ಕ್ಲಿಂಟನ್ ವಾಯುದಾಳಿ ಆರಂಭಿಸಿ ಐದು ವಾರಗಳಾಗಿದ್ದವು. ಅಂದು ಪ್ರತಿನಿಧಿ ಸಭೆಯ ಮುಂದೆ ಒಂದರ ಹಿಂದೊಂದರಂತೆ ನಾಲ್ಕು ವಿಷಯಗಳು ಮತಕ್ಕೆ ಬಂದವು. ಯುದ್ಧ ಸಾರೋಣವೇ ಎಂದರೆ 427 ಮಂದಿ ಬೇಡವೆಂದರು, ಇಬ್ಬರು ಮಾತ್ರ ಹೂಂ ಎಂದರು. ಹಾಗಾದರೆ ಸೇನೆಯನ್ನು ಹಿಂದಕ್ಕೆ ಕರೆಸೋಣವೇ ಎಂದರೆ ಅದೂ 139ಕ್ಕೆ 290ರಿಂದ ಬಿದ್ದುಹೋಯಿತು. ನಡೆಯುತ್ತಿರುವ ವಾಯುದಾಳಿಯನ್ನು ಬೆಂಬಲಿಸೋಣವೇ ಎಂದರೆ 213ಕ್ಕೆ 213, ಸಮಸಮ. ಸಮವಾದರೆ ನಿರ್ಣಯ ಬಿದ್ದಂತೆ. ನಮ್ಮನ್ನು ಕೇಳದೆ ಭೂಸೇನೆ ಕಳಿಸಬಾರದು ಎಂಬುದಷ್ಟೇ ಗೆದ್ದಿತು. ಬೇಕೂ ಅಲ್ಲದ ಬೇಡವೂ ಅಲ್ಲದ ಆ ಯುದ್ಧಕ್ಕೆ, ಮುಂದಿನ ತಿಂಗಳು, ಅಧ್ಯಕ್ಷರು ಕೇಳಿದ್ದಕ್ಕಿಂತ ಹೆಚ್ಚೇ ಹಣವನ್ನು ಅದೇ ಕಾಂಗ್ರೆಸ್ ಮಂಜೂರು ಮಾಡಿತು. ದಾಳಿ 78 ದಿನ ನಡೆಯಿತು, 60 ದಿನದ ಗಡುವು ನಡುವೆ ಬಂದು ಸದ್ದಿಲ್ಲದೆ ಹೋಯಿತು.

ಆ ಸಮಸಮದ ಮತದಾನದಲ್ಲಿ ಕ್ಲಿಂಟನ್ ಅವರ ದಾಳಿಯನ್ನು ವಿರೋಧಿಸಿದ ರಿಪಬ್ಲಿಕನ್ನರು 187 ಮಂದಿ. ಅಂದು ಟೆಕ್ಸಾಸಿನ ಗವರ್ನರ್ ಆಗಿದ್ದ ಜಾರ್ಜ್ ಬುಷ್, ಹೊರಬರುವ ದಾರಿ ಯಾವುದೆಂದು ಅಧ್ಯಕ್ಷರು ದೇಶಕ್ಕೆ ವಿವರಿಸಬೇಕು ಎಂದಿದ್ದರು. ಮರುವರ್ಷ ಚುನಾವಣಾ ಚರ್ಚೆಯಲ್ಲಿ, ಪರದೇಶಗಳನ್ನು ಕಟ್ಟುವ ಕೆಲಸಕ್ಕೆ ನಮ್ಮ ಸೈನಿಕರನ್ನು ಬಳಸಬಾರದೆಂದೂ ಹೇಳಿದರು. 2002ರ ಅಕ್ಟೋಬರಿನಲ್ಲಿ ಅದೇ ಬುಷ್ ಅಧ್ಯಕ್ಷರಾಗಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೇಳಿದಾಗ, ಪ್ರತಿನಿಧಿ ಸಭೆಯಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಆರೇ ಆರು ಮಂದಿ. ನಡುವೆ 2001ರ ಸೆಪ್ಟೆಂಬರ್ 11 ಆಗಿಹೋಗಿತ್ತು ಎಂಬುದನ್ನು ಖಂಡಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬುಷ್ ಕನಿಷ್ಠಪಕ್ಷ ಮತ ಕೇಳಿದರು ಎಂಬುದನ್ನೂ ಒಪ್ಪಬೇಕು. ಅಷ್ಟೆಲ್ಲ ಕಳೆದ ಮೇಲೂ 187ಕ್ಕೂ 6ಕ್ಕೂ ನಡುವಿನ ಅಂತರವನ್ನು ತತ್ತ್ವವೊಂದರಿಂದಲೇ ತುಂಬಿಸಲು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಡೆಮೊಕ್ರಾಟರ ಎಲೆಯಲ್ಲೂ ನೊಣ ಬಿದ್ದಿಲ್ಲವೆಂದಲ್ಲ, ಅಲ್ಲಿ ಬಿದ್ದದ್ದು ಹೆಗ್ಗಣವೇ. 2007ರ ಡಿಸೆಂಬರಿನಲ್ಲಿ, ಇನ್ನೂ ಅಭ್ಯರ್ಥಿಯಾಗಿದ್ದ ಬರಾಕ್ ಒಬಾಮ ಪತ್ರಿಕೆಯೊಂದರ ಲಿಖಿತ ಪ್ರಶ್ನೆಗೆ ಉತ್ತರಿಸುತ್ತ, ದೇಶಕ್ಕೆ ನಿಜವಾದ ಅಥವಾ ತಕ್ಷಣದ ಅಪಾಯವನ್ನು ತಡೆಯುವ ಸಂದರ್ಭವಲ್ಲದಿದ್ದರೆ ಅಧ್ಯಕ್ಷರು ತಾವಾಗಿಯೇ ದಾಳಿಗೆ ಅಪ್ಪಣೆ ಕೊಡುವ ಅಧಿಕಾರ ಸಂವಿಧಾನದಲ್ಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಅವರು ಸಂವಿಧಾನದ ಪಾಠ ಹೇಳಿದ ಮೇಷ್ಟರು, ವಾಕ್ಯ ಅಚ್ಚುಕಟ್ಟಾಗಿತ್ತು. 2011ರ ಮಾರ್ಚ್ 19ರಂದು ಅವರೇ ಅಧ್ಯಕ್ಷರಾಗಿ, ಕಾಂಗ್ರೆಸ್ಸನ್ನು ಕೇಳದೆ, ಲಿಬಿಯಾದ ಮೇಲೆ ದಾಳಿ ಆರಂಭಿಸಿದರು. ಎರಡೇ ವಾರಗಳಲ್ಲಿ ಕೆಂಟಕಿಯ ರಿಪಬ್ಲಿಕನ್ ಸೆನೆಟರ್ ರ‍್ಯಾಂಡ್ ಪಾಲ್ ಒಂದು ಕಿಡಿಗೇಡಿ ಕೆಲಸ ಮಾಡಿದರು: ಒಬಾಮ ಅವರ ಆ ಹಳೆಯ ವಾಕ್ಯವನ್ನು ಹಾಗೆಯೇ ಎತ್ತಿ, ಇದು ಸೆನೆಟಿನ ಅಭಿಪ್ರಾಯವಾಗಲಿ ಎಂದು ಮತಕ್ಕೆ ತಂದರು. ಸೆನೆಟ್ ಅದನ್ನು 90ಕ್ಕೆ 10ರಿಂದ ಬದಿಗೆ ಸರಿಸಿತು. ಒಬಾಮ ಪಕ್ಷದ ಒಬ್ಬರೂ ಒಬಾಮ ಅವರ ಮಾತಿನ ಪರವಾಗಿ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ 60 ದಿನ ಮುಗಿಯಿತು. ಆಗ ಸರ್ಕಾರ ಕಂಡುಕೊಂಡ ಉಪಾಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಯಿದೆ ಹೇಳುವುದು ಕಾಳಗದ ಮಾತು. ಲಿಬಿಯಾದಲ್ಲಿ ನಮ್ಮ ಭೂಸೇನೆಯಿಲ್ಲ, ಎದುರಾಳಿ ನಮ್ಮ ಮೇಲೆ ತಿರುಗಿ ಗುಂಡು ಹಾರಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ಇದು ಆ ಅರ್ಥದ ಕಾಳಗವಲ್ಲ, ಗಡುವೂ ಅನ್ವಯಿಸದು ಎಂದು ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಹ್ಯಾರಲ್ಡ್ ಕೋ ಸೆನೆಟ್ ಸಮಿತಿಯ ಮುಂದೆ ವಾದಿಸಿದರು. ಬಾಂಬು ಬೀಳುವವನ ಕಡೆಯಿಂದ ನೋಡಿದರೆ ಇದು ವಿಚಿತ್ರ ತರ್ಕ. ಕೋ ಅವರೋ, ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಕಡಿವಾಣ ಬೇಕೆಂದು ಬರೆದೇ ಹೆಸರು ಮಾಡಿದ್ದ ಪ್ರಾಧ್ಯಾಪಕರು. ಇನ್ನು ಎದುರು ಪಕ್ಷದ ನ್ಯೂಟ್ ಗಿಂಗ್ರಿಚ್ ಮಾರ್ಚ್ ಆರಂಭದಲ್ಲಿ ಲಿಬಿಯಾದ ಆಕಾಶವನ್ನು ತಕ್ಷಣ ನಿರ್ಬಂಧಿಸಬೇಕೆಂದರು. ಒಬಾಮ ಹಾಗೆಯೇ ಮಾಡಿದ ಮೇಲೆ, ಅದೇ ತಿಂಗಳಲ್ಲಿ, ತಾವಾಗಿದ್ದರೆ ಕೈಹಾಕುತ್ತಲೇ ಇರಲಿಲ್ಲ ಎಂದರು.

ಸಿರಿಯಾದ ವಿಷಯದಲ್ಲಿ ಈ ಹಗ್ಗಜಗ್ಗಾಟಕ್ಕೆ ಅಂಕಿಯ ಸಾಕ್ಷಿಯೇ ಇದೆ. 2013ರಲ್ಲಿ ವಿಷಾನಿಲ ಪ್ರಯೋಗಕ್ಕೆ ಪ್ರತಿಯಾಗಿ ದಾಳಿ ಮಾಡಬೇಕೇ ಎಂಬ ಚರ್ಚೆ ನಡೆಯುತ್ತಿದ್ದಾಗ, ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಕೈಹಾಕಿದರೆ ಒಬಾಮ ದೊಡ್ಡ ತಪ್ಪು ಮಾಡಿದಂತೆ ಎಂದು ಟ್ವಿಟರ್‌ನಲ್ಲಿ ಬರೆದಿದ್ದವರು ಡೊನಾಲ್ಡ್ ಟ್ರಂಪ್. 2017ರ ಏಪ್ರಿಲ್‌ನಲ್ಲಿ ಅಂಥದೇ ಕಾರಣಕ್ಕೆ, ಅಂಥ ಒಪ್ಪಿಗೆಯಿಲ್ಲದೆ, ಸಿರಿಯಾದ ವಾಯುನೆಲೆಯ ಮೇಲೆ 59 ಕ್ಷಿಪಣಿಗಳನ್ನು ಹಾರಿಸಿದವರೂ ಅವರೇ. ವಾಷಿಂಗ್ಟನ್ ಪೋಸ್ಟ್ ಮತ್ತು ಎಬಿಸಿ ಜಂಟಿಯಾಗಿ ನಡೆಸಿದ ಸಮೀಕ್ಷೆಗಳಲ್ಲಿ, 2013ರಲ್ಲಿ ಸಿರಿಯಾದ ಮೇಲಿನ ದಾಳಿಗೆ ಒಲವು ತೋರಿದ ರಿಪಬ್ಲಿಕನ್ ಮತದಾರರು ಶೇಕಡ 22. 2017ರಲ್ಲಿ ಶೇಕಡ 86. ಡೆಮೊಕ್ರಾಟ್ ಮತದಾರರು 38ರಿಂದ 37ಕ್ಕೆ ಬಂದಿದ್ದರು, ಅಂದರೆ ನಿಂತಲ್ಲೇ ನಿಂತಿದ್ದರು. ಮತದಾರರ ಈ ಸ್ಥಿರತೆ ಅವರ ನಾಯಕರಿಗೆ ದಕ್ಕಲಿಲ್ಲ. ಬುಷ್ ಕಾಂಗ್ರೆಸ್ಸನ್ನು ಕೇಳದೆ ಇರಾನಿನ ಮೇಲೆ ದಾಳಿ ಮಾಡಿದರೆ ಮಹಾಭಿಯೋಗಕ್ಕೆ ಮುಂದಾಗುವೆನೆಂದು 2007ರಲ್ಲಿ ಗುಡುಗಿದ್ದ ಜೋ ಬೈಡನ್, 2024ರ ಜನವರಿಯಲ್ಲಿ ಯೆಮೆನ್ನಿನ ಹೌತಿಗಳ ಮೇಲೆ ಕಾಂಗ್ರೆಸ್ಸಿನ ಮತವಿಲ್ಲದೆಯೇ ದಾಳಿ ಮಾಡಿಸಿದರು.

ಇದೆಲ್ಲವನ್ನೂ ನಾಯಕರ ಆಷಾಢಭೂತಿತನವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಭಾಷಣಕ್ಕೆ ಬೆಲೆ ತೆರಬೇಕಾಗಿಲ್ಲ, ಮತಕ್ಕೆ ತೆರಬೇಕಾಗುತ್ತದೆ ಎಂಬುದು ಅದರ ಹಿಂದಿರುವ ಲೆಕ್ಕಾಚಾರ. 2002ರಲ್ಲಿ ಇರಾಕ್ ನಿರ್ಣಯಕ್ಕೆ ಹೂಂ ಎಂದಿದ್ದ ಜಾನ್ ಕೆರಿ, ಮುಂದೆ ಯುದ್ಧದ ಖರ್ಚಿನ 8700 ಕೋಟಿ ಡಾಲರುಗಳಿಗೆ ವಿರೋಧವಾಗಿ ಮತ ಹಾಕುವ ಮೊದಲು ಪರವಾಗಿಯೂ ಹಾಕಿದ್ದೆ ಎಂದು 2004ರಲ್ಲಿ ಸಮಜಾಯಿಷಿ ಕೊಡಲು ಹೋಗಿ, ಚುನಾವಣೆ ಮುಗಿಯುವವರೆಗೂ ನಗೆಪಾಟಲಾದರು. ಹಿಲರಿ ಕ್ಲಿಂಟನ್ ಅವರನ್ನು ಅದೇ 2002ರ ಮತ 2008ರ ಸ್ಪರ್ಧೆಯುದ್ದಕ್ಕೂ ಬೆನ್ನಟ್ಟಿತು. ಇದನ್ನು ಕಣ್ಣಾರೆ ಕಂಡ ಸದಸ್ಯ ಕಲಿಯುವ ಪಾಠ ಯಾವುದು? ನಮ್ಮವರು ಅಧ್ಯಕ್ಷರಾಗಿದ್ದರೆ ಮತಕ್ಕೆ ಬಾರದಂತೆ ನೋಡಿಕೊಳ್ಳಬೇಕು, ಅವರವರು ಅಧ್ಯಕ್ಷರಾಗಿದ್ದರೆ ಮತ ಕೇಳಲಿಲ್ಲವೆಂದು ಕೂಗಬೇಕು. ಯುದ್ಧ ಗೆದ್ದರೂ ಸೋತರೂ ದಾಖಲೆಯಲ್ಲಿ ತನ್ನ ಹೆಸರಿರುವುದಿಲ್ಲ. ಪ್ರತಿಸಲ ಈ ಆಟ ನಡೆದಾಗಲೂ ಆಕ್ಷೇಪಣೆಯ ಬೆಲೆ ಒಂದಿಷ್ಟು ಇಳಿಯುತ್ತದೆ. ಕೊನೆಗೆ ನಿಜವಾದ ಆಕ್ಷೇಪಣೆಯನ್ನೂ ಜನ ಪಕ್ಷದ ಕೂಗೆಂದೇ ಕೇಳಿಸಿಕೊಳ್ಳುತ್ತಾರೆ.

ಮಾತಿಗೆ ಕಟ್ಟುಬಿದ್ದವರು ಇಲ್ಲವೆಂದಲ್ಲ, ಬೆರಳೆಣಿಕೆಯಷ್ಟು ಇದ್ದಾರೆ. ವರ್ಜೀನಿಯಾದ ಡೆಮೊಕ್ರಾಟ್ ಸೆನೆಟರ್ ಟಿಮ್ ಕೇನ್, ಐಸಿಸ್ ವಿರುದ್ಧದ ಕಾರ್ಯಾಚರಣೆಗೆ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯಬೇಕೆಂದು ತಮ್ಮದೇ ಪಕ್ಷದ ಒಬಾಮ ಅವರನ್ನು 2014ರಲ್ಲಿ ಒತ್ತಾಯಿಸಿದವರು. 2025ರ ಜೂನ್ 22ರಂದು ಅಮೆರಿಕದ ವಿಮಾನಗಳು ಇರಾನಿನ ಫೋರ್ಡೊ, ನತಾನ್ಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿದ ಮೇಲೆ, ಇನ್ನು ಮುಂದೆ ಕಾಂಗ್ರೆಸ್ಸಿನ ಅಪ್ಪಣೆಯಿಲ್ಲದೆ ಇರಾನಿನೊಡನೆ ಕಾಳಗ ಕೂಡದೆಂಬ ನಿರ್ಣಯವನ್ನು ಸೆನೆಟಿನಲ್ಲಿ ಮತಕ್ಕೆ ತಂದವರೂ ಅವರೇ. ಜೂನ್ 27ರಂದು ಅದು 47ಕ್ಕೆ 53ರಿಂದ ಬಿದ್ದುಹೋಯಿತು. ನೂರು ಸೆನೆಟರುಗಳಲ್ಲಿ ಪಕ್ಷದ ಗೆರೆ ದಾಟಿದವರು ಇಬ್ಬರು: ನಿರ್ಣಯವನ್ನು ವಿರೋಧಿಸಿದ ಡೆಮೊಕ್ರಾಟ್ ಜಾನ್ ಫೆಟರ್‌ಮನ್, ಬೆಂಬಲಿಸಿದ ರಿಪಬ್ಲಿಕನ್ ರ‍್ಯಾಂಡ್ ಪಾಲ್. ಒಬಾಮ ಅವರ ವಾಕ್ಯವನ್ನು ಮತಕ್ಕೆ ತಂದ ಆ ದಿನ ಪಾಲ್ ಅವರ ಜೊತೆ ಒಂಬತ್ತು ಮಂದಿ ರಿಪಬ್ಲಿಕನ್ನರಿದ್ದರು. ಅವರಲ್ಲಿ ಕೆಲವರು ಈ ಮತದಾನದ ಹೊತ್ತಿಗೂ ಸೆನೆಟಿನಲ್ಲಿ, ಅದೇ ಸಾಲುಗಳಲ್ಲಿ, ಕುಳಿತಿದ್ದರು.

ನಮಸ್ಕಾರ.