ಖಾಲಿ ಮೇಜುಗಳ ಹೋಟೆಲಿಗೆ ಮೊದಲು ಹೋಗುವವರು ಯಾರು?

ಸ್ನೇಹಿತರೇ, ನಮಸ್ಕಾರ.

ಪರ ಊರಿಗೆ ಹೋದಾಗ ನಮ್ಮ ಧೈರ್ಯ ನೋಡಬೇಕು. ಹೆಸರೇ ಕೇಳದ ಹೋಟೆಲಿಗೆ ನುಗ್ಗುತ್ತೇವೆ, ಮೆನುವಿನಲ್ಲಿ ಏನೆಂದೇ ಗೊತ್ತಾಗದ ಹೆಸರಿನ ಮೇಲೆ ಬೆರಳಿಟ್ಟು ತರಿಸಿಕೊಳ್ಳುತ್ತೇವೆ, ಚೆನ್ನಾಗಿಲ್ಲದಿದ್ದರೆ ನಕ್ಕು ಎದ್ದು ಬರುತ್ತೇವೆ. ಅದೇ ನಾವು, ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಹೊಸ ಬೋರ್ಡು ಬಿದ್ದರೆ ತಿಂಗಳುಗಟ್ಟಲೆ ಅದರ ಮುಂದೆಯೇ ಓಡಾಡುತ್ತೇವೆ, ಒಳಗೆ ಕಾಲಿಡುವುದಿಲ್ಲ. ‘ಯಾರಾದರೂ ಹೋಗಿ ಬಂದು ಹೇಳಲಿ, ಆಮೇಲೆ ನೋಡೋಣ.’ ಈ ಲೆಕ್ಕ ತಲೆಕೆಳಗಾಗಿದೆ ಅನ್ನುವುದೇ ಇವತ್ತಿನ ನನ್ನ ವಾದ.

ಗಣಿತದವರು ಈ ಪ್ರಶ್ನೆಯ ಜೊತೆ ತುಂಬ ಹಿಂದೆಯೇ ಗುದ್ದಾಡಿದ್ದಾರೆ. ಎದುರಿಗೆ ಹಲವು ಜೂಜಿನ ಯಂತ್ರಗಳಿವೆ, ಹಿಡಿ ಎಳೆದರೆ ದುಡ್ಡು ಬಂದರೂ ಬರಬಹುದು. ಒಂದರ ಗುಣ ಗೊತ್ತು, ಉಳಿದವು ಹೇಗೋ ಏನೋ. ಗೊತ್ತಿರುವುದನ್ನೇ ಎಳೆಯುತ್ತಿರಬೇಕೋ, ಹೊಸದನ್ನು ಪರೀಕ್ಷಿಸಬೇಕೋ? 1952ರಲ್ಲಿ ಹರ್ಬರ್ಟ್ ರಾಬಿನ್ಸ್ ಇದನ್ನು ಒಂದು ಚೊಕ್ಕ ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. 1970ರ ದಶಕದಲ್ಲಿ ಜಾನ್ ಗಿಟ್ಟಿನ್ಸ್ ಕೊಟ್ಟ ಉತ್ತರದ ತಿರುಳು ಇಷ್ಟು: ಗೊತ್ತಿಲ್ಲದ ಆಯ್ಕೆಗೆ, ಗೊತ್ತಿಲ್ಲ ಅನ್ನುವ ಕಾರಣಕ್ಕೇ ಒಂದಿಷ್ಟು ಹೆಚ್ಚು ಅಂಕ ಕೊಡಬೇಕು. ಮುಂದೆ ಎಷ್ಟು ಸಲ ಆಡುವ ಅವಕಾಶವಿದೆಯೋ ಆ ಅಂಕವೂ ಅಷ್ಟು ದೊಡ್ಡದು.

ಇದನ್ನು ನಮ್ಮ ಬೀದಿಗೆ ತನ್ನಿ. ಪ್ರವಾಸದಲ್ಲಿ ಸಿಕ್ಕ ಒಳ್ಳೆಯ ಹೋಟೆಲಿಗೆ ನೀವು ಮತ್ತೆ ಹೋಗುವುದು ಬಹುತೇಕ ಇಲ್ಲ. ಅಲ್ಲಿನ ಹುಡುಕಾಟದ ಫಲ ಒಂದೇ ಊಟ. ಮನೆ ಹತ್ತಿರದ ಹೋಟೆಲ್ ಚೆನ್ನಾಗಿದೆ ಎಂದು ತಿಳಿದರೆ ಆ ತಿಳಿವಳಿಕೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಕೆಟ್ಟದ್ದಾದರೆ ಹೋಗುವುದು ಒಂದು ಸಂಜೆ ಮಾತ್ರ. ಧೈರ್ಯವನ್ನು ನಾವು ಖರ್ಚು ಮಾಡಬೇಕಾದದ್ದು ಇಲ್ಲಿ, ಮನೆಯ ಪಕ್ಕದಲ್ಲಿ. ನಾಳೆಯೇ ಮನೆ ಖಾಲಿ ಮಾಡಿ ಹೊರಡುವವರಿದ್ದರೆ ಅವರು ಹಳೆಯ ಹೋಟೆಲಿಗೇ ಹೋಗಲಿ, ಅದು ನ್ಯಾಯ.

ಹಾಗಾದರೆ ಹಿಂಜರಿಕೆ ಎಲ್ಲಿಂದ? ಬಹುಪಾಲು ಆ ಖಾಲಿ ಮೇಜುಗಳಿಂದ. ಗಾಜಿನಾಚೆ ಇಣುಕುತ್ತೇವೆ, ಒಳಗೆ ಯಾರೂ ಇಲ್ಲ. ಚೆನ್ನಾಗಿದ್ದರೆ ಜನ ಇರುತ್ತಿದ್ದರಲ್ಲ ಅಂದುಕೊಂಡು ಮುಂದೆ ನಡೆಯುತ್ತೇವೆ. 2019ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ 1992ರ ಒಂದು ಪ್ರಬಂಧದಲ್ಲಿ ಈ ನಡತೆಯನ್ನು ಬಿಡಿಸಿಟ್ಟಿದ್ದಾರೆ. ಅವರು ತೆಗೆದುಕೊಂಡ ಉದಾಹರಣೆಯೂ ಅಕ್ಕಪಕ್ಕದ ಎರಡು ಹೋಟೆಲುಗಳದ್ದೇ. ಮೊದಲನೆಯದೇ ಒಂದು ಕೂದಲೆಳೆಯಷ್ಟು ವಾಸಿ ಇರಬಹುದು ಅನ್ನುವುದು ಎಲ್ಲರ ಪೂರ್ವ ಗ್ರಹಿಕೆ. ಆದರೆ ನೂರು ಜನರಲ್ಲಿ 99 ಮಂದಿಗೆ ಎರಡನೆಯದೇ ಚೆಂದ ಎಂಬ ಖಾಸಗಿ ಸುಳಿವು ಸಿಕ್ಕಿದೆ. ಉಳಿದ ಒಬ್ಬನಿಗೆ ಮಾತ್ರ ಉಲ್ಟಾ ಸುಳಿವು, ಸರದಿಯಲ್ಲಿ ಮೊದಲು ನಿಂತವನೂ ಅವನೇ. ಅವನು ಮೊದಲ ಹೋಟೆಲಿಗೆ ಹೊಕ್ಕ. ಅದನ್ನು ಕಂಡ ಎರಡನೆಯವಳು ತನ್ನ ಸುಳಿವೂ ಅವನ ಸುಳಿವೂ ಒಂದಕ್ಕೊಂದು ವಜಾ ಆಯಿತು ಎಂದು ಲೆಕ್ಕ ಹಾಕಿ, ಪೂರ್ವ ಗ್ರಹಿಕೆಯಂತೆ ಅವನ ಹಿಂದೆಯೇ ಹೋದಳು. ಮೂರನೆಯವನೂ ಅಷ್ಟೆ. ಕೊನೆಗೆ ನೂರು ಜನವೂ ಒಂದೇ ಕಡೆ, ಒಳ್ಳೆಯ ಹೋಟೆಲ್ ಬಿಕೋ ಎನ್ನುತ್ತಿದೆ. ಗಮನಿಸಿ, ಇಲ್ಲಿ ಯಾರೂ ಪೆದ್ದರಲ್ಲ. ಒಬ್ಬೊಬ್ಬರೂ ತರ್ಕಬದ್ಧವಾಗಿಯೇ ಯೋಚಿಸಿದ್ದಾರೆ, ಆದರೂ ಸೇರಿ ಕುರಿಮಂದೆಯಾದರು.

ಮೊದಲು ಬಂದ ಗಿರಾಕಿಯನ್ನು ಮಾಲೀಕರು ಕಿಟಕಿ ಪಕ್ಕದ ಮೇಜಿಗೇ ಯಾಕೆ ಕರೆದೊಯ್ಯುತ್ತಾರೆ ಅನ್ನುವುದು ಈಗ ಗೊತ್ತಾಯಿತಲ್ಲ. ಅವರು ಪ್ರಬಂಧ ಓದಿರಬೇಕಿಲ್ಲ. ತೆರೆದು ಎರಡು ವಾರವಾದ ಹೋಟೆಲಿನ ಖಾಲಿ ಮೇಜು ಅಡುಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನೂ ಯಾರೂ ನೋಡಿಲ್ಲ ಅಂತ ಹೇಳುತ್ತದೆ, ಅಷ್ಟೆ.

ಈಗ ಅಡುಗೆಮನೆಯ ಒಳಗೆ ಬನ್ನಿ, ನಿಜವಾದ ಕಥೆ ಇರುವುದು ಅಲ್ಲಿ. ಹೊಸ ಹೋಟೆಲಿನ ಮೊದಲ ವಾರಗಳಲ್ಲಿ ಯಾವುದೂ ಯಾವುದಕ್ಕೂ ಹೊಂದಿಕೊಂಡಿರುವುದಿಲ್ಲ. ಅಡುಗೆಯವರು ಒಬ್ಬೊಬ್ಬರೂ ಪಳಗಿದವರೇ ಇರಬಹುದು, ಆದರೆ ಜೊತೆಯಾಗಿ ದುಡಿದು ಗೊತ್ತಿಲ್ಲ. ಒಂದೇ ಮೇಜಿನ ನಾಲ್ಕು ತಟ್ಟೆ ನಾಲ್ಕು ಒಲೆಗಳಿಂದ ಒಟ್ಟಿಗೆ ಹೊರಬರಬೇಕೆಂದರೆ ಒಬ್ಬರ ವೇಗ ಇನ್ನೊಬ್ಬರ ಮೈಗೆ ಇಳಿದಿರಬೇಕು. ತರಕಾರಿ ಕೊಡುವವರು ಇನ್ನೂ ಖಾಯಂ ಆಗಿಲ್ಲ. ಯಾವ ದಿನ ಎಷ್ಟು ಜನ ಬಂದಾರು, ಎಷ್ಟು ತಯಾರಿ ಮಾಡಿಡಬೇಕು ಅನ್ನುವ ಅಂದಾಜಿಲ್ಲ. ಮೆನುವಂತೂ ಯಾವಾಗಲೂ ಅತಿ ಉದ್ದ, ಯಾಕೆಂದರೆ ಯಾವುದಕ್ಕೆ ಕೈ ಹೋಗುತ್ತದೆ ಎಂದು ತಿಳಿಯದ ಮಾಲೀಕ ಎಲ್ಲವನ್ನೂ ಬರೆಸಿರುತ್ತಾನೆ. ಔಪಚಾರಿಕ ಉದ್ಘಾಟನೆಗೆ ಮೊದಲು ಪರಿಚಯಸ್ಥರನ್ನು ಕರೆದು ತಾಲೀಮು ನಡೆಸುವ ‘ಸಾಫ್ಟ್ ಓಪನಿಂಗ್’ ಹುಟ್ಟಿದ್ದೇ ಇದಕ್ಕಾಗಿ. ಆದರೆ ಪರಿಚಯಸ್ಥರು ತಡವಾದರೂ ಸುಮ್ಮನಿರುತ್ತಾರೆ, ಉಪ್ಪು ಹೆಚ್ಚಾದರೂ ‘ಸೂಪರ್’ ಅನ್ನುತ್ತಾರೆ. ನಿಜವಾದ ತಾಲೀಮು ನಮ್ಮಂಥ ಅಪರಿಚಿತರು ಕೂತ ಮೇಲೆ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ. ಮೊದಲ ತಿಂಗಳು ಧಾರಾಳ ಬಡಿಸುತ್ತಾರೆ, ಮಾಲೀಕ ಪ್ರತಿ ಮೇಜಿಗೂ ಬಂದು ಕೈಮುಗಿಯುತ್ತಾನೆ. ಹೋಟೆಲನ್ನು ಕುದುರಿಸಿಕೊಡಲೆಂದು ಕರೆಸಿದ ಅನುಭವಿ ಅಡುಗೆಯವನು ತನ್ನ ಕೆಲಸ ಮುಗಿಸಿ ಹೊರಟ ಮೇಲೆ ಅದೇ ತಟ್ಟೆಗೆ ಬೇರೆಯದೇ ರುಚಿ. ಹೀಗಾಗಿ ಮೊದಲ ಭೇಟಿಯ ಮೆಚ್ಚುಗೆಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ 1957ರಲ್ಲಿ ಸೇರಿದ ಕ್ರೇಗ್ ಕ್ಲೈಬೋರ್ನ್ ಹೋಟೆಲ್ ವಿಮರ್ಶೆಗೆ ಒಂದು ಶಿಸ್ತು ತಂದರು: ಗುರುತು ಹೇಳದೆ ಹೋಗಬೇಕು, ಬಿಲ್ಲು ಪತ್ರಿಕೆಯೇ ಕೊಡಬೇಕು, ಒಂದೇ ಸಲ ತಿಂದು ಬರೆಯಕೂಡದು. ಸಂಬಳ ಪಡೆದು ತಿನ್ನುವ ವಿಮರ್ಶಕರೇ ಇಷ್ಟು ತಾಳ್ಮೆ ತೋರಿಸುವಾಗ, ಫೋನು ಹಿಡಿದ ನಾವು ಕೈ ತೊಳೆಯುವ ಮೊದಲೇ ನಕ್ಷತ್ರ ಒತ್ತುತ್ತೇವೆ. ಆ ನಕ್ಷತ್ರದ ತೂಕ ಸಣ್ಣದಲ್ಲ. ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳನ್ನು ಹಿಡಿದು ಮೈಕಲ್ ಲೂಕಾ ಮಾಡಿದ ಅಧ್ಯಯನದಲ್ಲಿ, ಗಿರಾಕಿಗಳು ವಿಮರ್ಶೆ ಬರೆಯುವ ಯೆಲ್ಪ್ ಜಾಲತಾಣದಲ್ಲಿ ಒಂದು ನಕ್ಷತ್ರದ ಏರಿಕೆ ಆದಾಯವನ್ನು ಶೇ. 5ರಿಂದ 9ರಷ್ಟು ಹೆಚ್ಚಿಸಿತ್ತು. ಪರಿಣಾಮವೆಲ್ಲ ಸ್ವತಂತ್ರ ಹೋಟೆಲುಗಳ ಮೇಲೆ. ಒಂದೇ ಹೆಸರಿನಲ್ಲಿ ಹಲವು ಕಡೆ ಇರುವ ಸರಪಳಿ ಹೋಟೆಲುಗಳಿಗೆ ಇದು ತಟ್ಟಲಿಲ್ಲ, ಅವುಗಳ ಹೆಸರು ಜನರಿಗೆ ಮೊದಲೇ ಗೊತ್ತು. ಹತ್ತೇ ವಿಮರ್ಶೆ ಇರುವ ಹೊಸ ಹೋಟೆಲಿಗೆ ನೀವು ಒಂದೇ ನಕ್ಷತ್ರ ಕೊಟ್ಟರೆ ಅದು ಸರಾಸರಿಯನ್ನು ಎಲ್ಲಿಂದ ಎಲ್ಲಿಗೋ ಎಳೆಯುತ್ತದೆ. ದೂರಿದ್ದರೆ ಮೇಜಿನಲ್ಲೇ ಹೇಳಿ, ತಟ್ಟೆ ಎದುರಿಗಿರುವಾಗಲೇ. ಆಗ ಬದಲಿಸಿಕೊಡಬಹುದು, ರಾತ್ರಿ ಹನ್ನೊಂದಕ್ಕೆ ಬರೆದರೆ ಕೊರಗಬಹುದು ಅಷ್ಟೆ.

ಯಾವ ತಪ್ಪು ತಾನಾಗಿ ವಾಸಿಯಾಗುತ್ತದೆ, ಯಾವುದು ಆಗುವುದಿಲ್ಲ? ತಡ, ಆರ್ಡರು ಅದಲು ಬದಲು, ಇವತ್ತು ಖಾರ ನಾಳೆ ಸಪ್ಪೆ, ‘ಅದು ಇಲ್ಲ ಸರ್, ಇದೂ ಇಲ್ಲ’ ಇವೆಲ್ಲ ಕೈ ಕುದುರಿದ ಹಾಗೆ ಸರಿಹೋಗುವಂಥವು. ಕಮಟು ಎಣ್ಣೆಯ ವಾಸನೆ, ನಿನ್ನೆಯದನ್ನು ಬಿಸಿಮಾಡಿ ಕೊಟ್ಟ ಗುರುತು, ತೆರೆದ ತಿಂಗಳಲ್ಲೇ ಗಬ್ಬೆದ್ದ ಶೌಚಾಲಯ, ಗಿರಾಕಿಗಳ ಮುಂದೆಯೇ ಹುಡುಗರನ್ನು ಬೈಯುವ ಮಾಲೀಕ, ಇವು ಅಭ್ಯಾಸದ ಕೊರತೆಯಿಂದ ಬಂದವಲ್ಲ. ಅಂಥ ಕಡೆ ನಾನು ಎರಡನೇ ಅವಕಾಶ ಕೊಡುವುದಿಲ್ಲ, ನಿಮಗೂ ಹೇಳುವುದಿಲ್ಲ. ‘ನಮ್ಮ ಏರಿಯಾದವರು, ಬೆಂಬಲಿಸೋಣ’ ಎಂದು ಕೆಟ್ಟ ಊಟವನ್ನು ನುಂಗುವುದರಿಂದ ಅಡುಗೆಗೂ ಲಾಭವಿಲ್ಲ, ಹೊಟ್ಟೆಗೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ಹೇಳಬೇಕು. ಅಲರ್ಜಿ ಇರುವವರು ಹೊಸ ಅಡುಗೆಮನೆಯಲ್ಲಿ ಬಡಿಸುವವರ ಮಾತನ್ನಷ್ಟೇ ನಂಬಬೇಡಿ. ಯಾವ ತಟ್ಟೆಯಲ್ಲಿ ಏನಿದೆ ಅನ್ನುವುದು ಅವರಿಗೇ ಇನ್ನೂ ಬಾಯಿಪಾಠವಾಗಿರುವುದಿಲ್ಲ. ಒಳಗಿನವರನ್ನೇ ಕೇಳಿಸಿ. ಸ್ಪಷ್ಟ ಉತ್ತರ ಬಾರದಿದ್ದರೆ ಆ ದಿನಕ್ಕೆ ಎದ್ದು ಬನ್ನಿ.

ಹೊಸ ಹೋಟೆಲುಗಳಲ್ಲಿ ನೂರಕ್ಕೆ ತೊಂಬತ್ತು ಮೊದಲ ವರ್ಷದಲ್ಲೇ ಮುಚ್ಚುತ್ತವೆ, ಹೋಗಿ ಏನು ಪ್ರಯೋಜನ ಅನ್ನುವವರಿದ್ದಾರೆ. ಈ ತೊಂಬತ್ತು ಬರೀ ಗಾಳಿಮಾತು. ಎಚ್.ಜಿ. ಪಾರ್ಸಾ ಮತ್ತು ಸಂಗಡಿಗರು ಅಮೆರಿಕದ ಕೊಲಂಬಸ್ ನಗರದ ಹೋಟೆಲುಗಳನ್ನು ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮೊದಲ ವರ್ಷ ಮುಚ್ಚಿದವು ಸುಮಾರು ಶೇ. 26, ಮೂರು ವರ್ಷಗಳಲ್ಲಿ ಹತ್ತಿರ ಹತ್ತಿರ ಶೇ. 60. ಕಾರಣಗಳಲ್ಲಿ ಊಟದ ರುಚಿಯೊಂದೇ ಇರಲಿಲ್ಲ. ಮನೆಗೂ ಹೋಟೆಲಿಗೂ ಸಮಯ ಹೊಂದಿಸಲಾಗದೆ ಬಾಗಿಲು ಹಾಕಿದವರೂ ಇದ್ದರು. ಅಂದರೆ ಹೊಸ ಹೋಟೆಲ್ ಮೊದಲ ವರ್ಷ ದಾಟುವ ಸಾಧ್ಯತೆಯೇ ಹೆಚ್ಚು. ನೀವು ಮೊದಲ ಸಲ ಹೋಗಬೇಕಾದ ಹೊತ್ತು ವಾರದ ನಡುವಿನ ಒಂದು ದಿನ, ಜನ ಸೇರುವ ಮುಂಚೆ. ತರಿಸುವುದು ಎರಡೇ ಬಗೆ ಇರಲಿ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸರಳ ಪದಾರ್ಥ, ಅಡುಗೆಯವರು ತಾವಾಗಿ ಹೇಳಿದ ಇನ್ನೊಂದು. ಮೊದಲನೆಯದು ಅವರ ಕೈಯನ್ನು ತೋರಿಸುತ್ತದೆ, ಎರಡನೆಯದು ಅವರ ಆಸೆಯನ್ನು. ಎರಡನೇ ಭೇಟಿ ಒಂದೂವರೆ ತಿಂಗಳಾದ ಮೇಲೆ ಸಾಕು. ಆಗ ಮೆನು ಕಾರ್ಡನ್ನು ಕೇಳಿ ತೆಗೆದುಕೊಂಡು, ಹಿಂದಿನ ಸಲ ಇದ್ದದ್ದರಲ್ಲಿ ಯಾವುದು ಮಾಯವಾಗಿದೆ ನೋಡಿ. ಪಟ್ಟಿ ಗಿಡ್ಡವಾಗಿದ್ದರೆ ಒಳಗೆ ಯಾರೋ ನಿಜವಾಗಿ ಲೆಕ್ಕ ಇಡುತ್ತಿದ್ದಾರೆ, ಕೂತು ಊಟ ಮಾಡಬಹುದು.