ನಿಂತ ಲಾರಿಯ ಲೆಕ್ಕ ಯಾರದು?

ನಮಸ್ಕಾರ. ಚಾಕಣದ ಕಾರ್ಖಾನೆಗಳಲ್ಲೂ ಭಿವಂಡಿಯ ಗೋದಾಮುಗಳಲ್ಲೂ ದುಡಿಯುವ ಕನ್ನಡಿಗರು ಕೇಳುತ್ತಿದ್ದೀರಿ ಎಂಬ ಭರವಸೆಯಿಂದ, ಕಂಪನಿಗಳು ಸಾಗಣೆ ವಿಭಾಗವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಇಂದು ಹೇಳುತ್ತೇನೆ.

ಪುಣೆಯಲ್ಲಿ ನಾನು ಕೆಲಸ ಮಾಡಿದ ಕಂಪನಿಯೊಂದರಲ್ಲಿ ಒಳಬರುವ ಸಾಮಗ್ರಿ ಖರೀದಿ ವಿಭಾಗದ ಹೊಣೆ, ಹೊರಹೋಗುವ ಸರಕು ಮಾರಾಟ ವಿಭಾಗದ ಹೊಣೆ, ಬಾಡಿಗೆಯ ಬಿಲ್ಲು ಲೆಕ್ಕಪತ್ರ ವಿಭಾಗದ ಹೊಣೆಯಾಗಿತ್ತು. ತಿಂಗಳ ಗುರಿ ಮುಟ್ಟಲು ಮಾರಾಟದವರು ಕೊನೆಯ ವಾರದಲ್ಲಿ ಸರಕನ್ನೆಲ್ಲ ಒಮ್ಮೆಗೇ ಕಳುಹಿಸುತ್ತಿದ್ದುದರಿಂದ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತು, ಕಾಯಿಸಿದ್ದಕ್ಕೆ ಲಾರಿಯವರಿಗೆ ಕೊಡಬೇಕಾದ ಹಾಲ್ಟಿಂಗ್ ಹಣ ಏರುತ್ತಿತ್ತು. ಹುಬ್ಬಳ್ಳಿಯಿಂದ ಬಿಡಿಭಾಗ ತಂದಿಳಿಸಿದ ಲಾರಿ ಖಾಲಿಯಾಗಿ ಹೊರಟ ದಿನವೇ, ಅದೇ ಹುಬ್ಬಳ್ಳಿಗೆ ಸರಕು ಕಳುಹಿಸಲು ಮಾರಾಟದವರು ಬೇರೊಂದು ಲಾರಿ ಗೊತ್ತುಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಂಡವನ್ನು ಮೂರು ವಿಭಾಗಗಳಲ್ಲಿ ಒಂದೂ ತನ್ನದೆಂದು ಬರೆದುಕೊಳ್ಳಲಿಲ್ಲ.

ಈ ಹರಿದುಹಂಚಿದ ಏರ್ಪಾಡಿಗೆ ತೆರಿಗೆಯೂ ಒಂದು ಕಾರಣವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ಹೊರರಾಜ್ಯಕ್ಕೆ ನೇರವಾಗಿ ಮಾರಿದ ಸರಕಿಗೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನೇ, ಇದು ಮಾರಾಟವಲ್ಲ, ವರ್ಗಾವಣೆ ಎಂದು ತೋರಿಸುವ ಎಫ್ ಫಾರಂ ಮೇಲೆ ಅಲ್ಲಿನ ತಮ್ಮ ಗೋದಾಮಿಗೆ ವರ್ಗಾಯಿಸಿದರೆ ಬೀಳುತ್ತಿರಲಿಲ್ಲ. ಹೀಗಾಗಿ ಕಂಪನಿಗಳು ರಾಜ್ಯಕ್ಕೊಂದು ಗೋದಾಮು ತೆರೆದು, ಅದನ್ನು ಆ ಪ್ರಾಂತದ ಮಾರಾಟ ಮುಖ್ಯಸ್ಥರ ಕೈಕೆಳಗೆ ಇಟ್ಟವು. ಈಗ ಆ ತೆರಿಗೆಯ ಕಾರಣವಿಲ್ಲ, ಆದರೂ ಹಲವೆಡೆ ಅಧಿಕಾರದ ಹಂಚಿಕೆ ಹಳೆಯದೇ ಉಳಿದಿದೆ.

ಮುಂಬೈಯವರು ಈ ವಿಷಯ ಬಂದೊಡನೆ ಮನೆಯೂಟದ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ ಡಬ್ಬಾವಾಲಾಗಳ ಉದಾಹರಣೆ ಕೊಡುತ್ತಾರೆ. ನಾನು ಕೊಡುವುದಿಲ್ಲ, ದಿನವೂ ಅದೇ ಮನೆಯಿಂದ ಅದೇ ಕಚೇರಿಗೆ ಹೋಗುವ ಡಬ್ಬಿಯ ನಿಯಮ, ವಾರಕ್ಕೊಮ್ಮೆ ಬೇಡಿಕೆ ಬದಲಾಗುವ ಸರಕಿಗೆ ಒಗ್ಗದು.

ಒಳಬರುವ ಸಾಗಣೆ, ಹೊರಹೋಗುವ ಸಾಗಣೆ, ದಾಸ್ತಾನು, ಈ ಮೂರರ ಒಟ್ಟು ಖರ್ಚಿಗೆ ಒಬ್ಬರೇ ಉತ್ತರ ಹೇಳಬೇಕು, ಮತ್ತು ಅವರು ಮಾರಾಟ ಮುಖ್ಯಸ್ಥರ ಅಧೀನರಾಗಿರದೆ ಸಮಾನ ಸ್ಥಾನದಲ್ಲಿ ಕೂರಬೇಕು ಎಂಬುದು ನನ್ನ ನಿಲುವು. ಆದರೆ ದಿನನಿತ್ಯದ ತೀರ್ಮಾನಗಳನ್ನೂ ಅವರ ಮೇಜಿಗೆ ಎಳೆದರೆ ಕೆಲಸ ಕೆಡುತ್ತದೆ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಕಂಟೇನರನ್ನು ಉಚಿತ ದಿನಗಳೊಳಗೆ ಬಿಡಿಸಿ, ಖಾಲಿ ಮಾಡಿ ಹಿಂದಿರುಗಿಸದಿದ್ದರೆ ದಿನಕ್ಕಿಷ್ಟೆಂದು ಶುಲ್ಕ ಬೀಳುತ್ತದೆ. ಶನಿವಾರ ಸಂಜೆ ಹೆಚ್ಚಿನ ಬಾಡಿಗೆಗಾದರೂ ಟ್ರೇಲರ್ ಹಿಡಿಯಬೇಕಾದ ನೌಕರರು ಸೋಮವಾರದ ಒಪ್ಪಿಗೆಗೆ ಕಾಯಬಾರದು. ಇಂತಿಷ್ಟು ರೂಪಾಯಿಯವರೆಗೆ ಕೇಳದೆಯೇ ಖರ್ಚುಮಾಡುವ ಅಧಿಕಾರವನ್ನು ಅವರಿಗೆ ಬರಹದಲ್ಲಿಯೇ ಕೊಡಬೇಕು, ಏಕೆಂದರೆ ಫೋನಿನಲ್ಲಿ ಹೇಳಿದ 'ಮಾಡಿಬಿಡಿ' ಎಂಬ ಮಾತು ಬಿಲ್ಲು ಬಂದಾಗ ಯಾರಿಗೂ ನೆನಪಿರುವುದಿಲ್ಲ.